ನೆಕ್ ಪಿಕಪ್ ಆಯ್ಕೆ: ಲೆಸ್ ಪಾಲ್ ಮಾದರಿಯ ಒಂದು ಗಿಟಾರಿಗೆ ಮೂರು ಪಿಕಪ್ ಹಾಕಿ ನೋಡಿದ ಲೆಕ್ಕ

ಮೇಜಿನ ಮೇಲಿರುವುದು ಲೆಸ್ ಪಾಲ್ ಮಾದರಿಯ ಎಲೆಕ್ಟ್ರಿಕ್ ಗಿಟಾರು. ಸ್ಕೇಲ್ (ಅಲುಗುವ ತಂತಿಯ ಉದ್ದ) 628 ಮಿ.ಮೀ., 22 ಫ್ರೆಟ್, ಎರಡು ಹಂಬಕರ್ (ತಂತಿಯ ಅಲುಗಾಟವನ್ನು ವಿದ್ಯುತ್ ಸಂಕೇತ ಮಾಡುವುದು ಪಿಕಪ್; ಅದರಲ್ಲಿ ಗುಂಯ್ ತಡೆಯಲು ಎರಡು ಸುರುಳಿ ಇರುವ ಬಗೆ ಇದು), ಎರಡು ವಾಲ್ಯೂಮ್, ಎರಡು ಟೋನ್, ಮೂರು ಹಂತದ ಸ್ವಿಚ್. ತಂತಿ 10–46ರ ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ), ಮಾಮೂಲಿ ಇ ಶ್ರುತಿ. ಬ್ರಿಡ್ಜ್ ಕಡೆ (ತಂತಿಗಳು ದೇಹದ ಮೇಲೆ ಕೂರುವ ತುದಿ) ಈಗಾಗಲೇ ಸೇಮೂರ್ ಡಂಕನ್ ಕಂಪನಿಯ ಜೆಬಿ ಎಂಬ ಪಿಕಪ್ ಕೂತಿದೆ, ಅದನ್ನು ಮುಟ್ಟುವ ಹಾಗಿಲ್ಲ. ನೆಕ್ ಕಡೆ (ಫ್ರೆಟ್‌ಗಳಿರುವ ಹಿಡಿಯ ಕಡೆ) ಇರುವುದು ಗಿಟಾರಿನ ಜೊತೆಗೇ ಬಂದ, ಹೆಸರಿಲ್ಲದ ಸೆರಾಮಿಕ್ ಹಂಬಕರ್. ದೂರು ಇಷ್ಟು: ಸ್ವಿಚ್ ನೆಕ್‌ಗೆ ತಳ್ಳಿದ ಕೂಡಲೇ ದನಿ ದಪ್ಪಗಾಗಿ ಮಂಕಾಗುತ್ತದೆ, ದಪ್ಪ ತಂತಿಗಳ ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಂಪ್‌ನಲ್ಲಿ ಗೇನ್ (ವರ್ಧನೆ) ಏರಿಸಿದರೆ ಕಾರ್ಡ್‌ನೊಳಗೆ ಯಾವ ಸ್ವರವಿದೆ ಎಂದೇ ತಿಳಿಯುವುದಿಲ್ಲ.

ಇಂಥ ದೂರಿಗೆ ಎಲ್ಲ ಕಡೆಯೂ ಸಿಗುವ ಸಲಹೆ ‘ಇನ್ನೂ ಪವರ್ ಇರುವ ಪಿಕಪ್ ಹಾಕಿ’ ಅನ್ನುವುದು. ನೆಕ್‌ನ ಮಟ್ಟಿಗೆ ಇದು ಉಲ್ಟಾ ಸಲಹೆ. ತಂತಿ ಬ್ರಿಡ್ಜ್ ಹತ್ತಿರ ಅಲುಗುವುದು ಕಡಿಮೆ, ನೆಕ್ ಕಡೆ ಹೋದಷ್ಟೂ ಜಾಸ್ತಿ. 22 ಫ್ರೆಟ್‌ನ ಗಿಟಾರಿನಲ್ಲಿ ನೆಕ್ ಪಿಕಪ್ ಕೂರುವುದು ಹೆಚ್ಚುಕಡಿಮೆ 24ನೇ ಫ್ರೆಟ್ ಬರಬೇಕಿದ್ದ ಜಾಗದಲ್ಲಿ, ಅಂದರೆ ಬ್ರಿಡ್ಜ್‌ನಿಂದ ಸ್ಕೇಲಿನ ಕಾಲು ಭಾಗ ದೂರದಲ್ಲಿ. ಇಲ್ಲಿ ಅದು 157 ಮಿ.ಮೀ. ಬ್ರಿಡ್ಜ್ ಪಿಕಪ್‌ನ ನಡು ಸುಮಾರು 40 ಮಿ.ಮೀ. ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಬಿಡಿ ತಂತಿ ಮೀಟಿದಾಗ ಮೂಲ ಸ್ವರದ ಅಲುಗಾಟ ಈ ಎರಡು ಜಾಗದಲ್ಲಿ ಎಷ್ಟೆಷ್ಟು ಎಂದು ಸೈನ್ ಲೆಕ್ಕ ಹಾಕಿದರೆ ನೆಕ್ ಕಡೆ ಮೂರೂವರೆ ಪಟ್ಟು, ಅಂದರೆ ಸುಮಾರು 11 ಡೆಸಿಬಲ್ ಜಾಸ್ತಿ ಬರುತ್ತದೆ. ಇಷ್ಟನ್ನು ತಂತಿಯೇ ಪುಕ್ಕಟೆ ಕೊಡುವಾಗ ಪಿಕಪ್ಪೂ ಜೋರಾಗಿದ್ದರೆ ಆಂಪ್‌ಗೆ ಹೋಗುವುದು ಬರೀ ಬೇಸ್. ಲೆಸ್ ಪಾಲ್ ತಯಾರಿಸುವ ಗಿಬ್ಸನ್ ಕಂಪನಿಯಲ್ಲಿ ಸೆತ್ ಲವರ್ ಹಂಬಕರ್ ರೂಪಿಸಿ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಕಾಲದಲ್ಲಿ ನೆಕ್‌ಗೊಂದು ಬ್ರಿಡ್ಜ್‌ಗೊಂದು ಎಂಬ ಭೇದ ಇರಲಿಲ್ಲ, ಎರಡೂ ಕಡೆ ಒಂದೇ ಪಿಕಪ್. ಈಗಿನ ತಯಾರಕರು ನೆಕ್‌ಗೆ ಸುತ್ತು ಕಡಿಮೆ ಮಾಡಿ ಬೇರೆಯದನ್ನೇ ಕೊಡುವುದು ಈ ಲೆಕ್ಕದಿಂದಲೇ. 24 ಫ್ರೆಟ್‌ನ ಗಿಟಾರಿನಲ್ಲಿ ಪಿಕಪ್ ಬ್ರಿಡ್ಜ್ ಕಡೆಗೆ ಸ್ವಲ್ಪ ಸರಿದಿರುತ್ತದೆ. ಹಾಗಾಗಿ ಒಂದು ಗಿಟಾರಿನಲ್ಲಿ ಮಂಕೆನಿಸಿದ ಪಿಕಪ್ ಇನ್ನೊಂದರಲ್ಲಿ ಸರಿಯಾಗಿ ಕೂರಬಹುದು.

ಕೊಳ್ಳುವ ಮುಂಚೆ ನೋಡಿದ್ದು

ದುಡ್ಡು ಬಿಚ್ಚುವ ಮೊದಲು ಮೂರು ಸಂಗತಿ ನೋಡಬೇಕು: ಪಿಕಪ್‌ನ ಎತ್ತರ, ಪಾಟ್ (ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿರುವ, ತಿರುಗಿಸಿದರೆ ಬದಲಾಗುವ ರೆಸಿಸ್ಟರ್), ಕೇಬಲ್.

ಎತ್ತರ ಅಳೆಯುವುದು ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು, ತಂತಿಯ ತಳದಿಂದ ಪೋಲ್‌ನ (ತಂತಿಯ ಕೆಳಗೆ ಪಿಕಪ್‌ನಲ್ಲಿರುವ ಲೋಹದ ತುಂಡು) ನೆತ್ತಿಯವರೆಗೆ. ಗಿಬ್ಸನ್ ಕೊಡುವ ಅಳತೆ ನೆಕ್‌ಗೆ 2.4 ಮಿ.ಮೀ., ಬ್ರಿಡ್ಜ್‌ಗೆ 1.6 ಮಿ.ಮೀ. ಈ ಗಿಟಾರಿನಲ್ಲಿ ನೆಕ್ ಪಿಕಪ್ ದಪ್ಪ ತಂತಿಯ ಕಡೆ 1.5ಕ್ಕೆ ಏರಿ ಕೂತಿತ್ತು. 2.4ಕ್ಕೆ ಇಳಿಸಿದ್ದೇ ತಡ, ಅರ್ಧ ದೂರು ಹೋಯಿತು. ಎಷ್ಟೋ ಗಿಟಾರುಗಳಿಗೆ ಇಲ್ಲಿಗೇ ಕೆಲಸ ಮುಗಿಯುತ್ತದೆ. ಸ್ಕ್ರೂ ಡ್ರೈವರ್ ಬಿಟ್ಟರೆ ಬೇರೆ ಖರ್ಚಿಲ್ಲ.

ಪಾಟ್ ಮೇಲೆ 500ಕೆ (500 ಕಿಲೋಓಮ್) ಎಂದು ಬರೆದಿದ್ದರೂ ±20 ಶೇಕಡಾ ಹೆಚ್ಚುಕಮ್ಮಿಗೆ ಅವಕಾಶವಿದೆ, ಅಂದರೆ 400ಕೆ ಬಂದರೂ ಅದು ‘ಸರಿ’ ಮಾಲೇ. ಅಳೆಯುವಾಗ ಪಿಕಪ್‌ನ ವೈರ್ ಬಿಚ್ಚಿ ಅಳೆಯಿರಿ, ಇಲ್ಲದಿದ್ದರೆ ಮೀಟರ್ ಪಿಕಪ್ಪನ್ನೇ ತೋರಿಸುತ್ತದೆ. ಇಲ್ಲಿ ನೆಕ್ ವಾಲ್ಯೂಮ್ 418ಕೆ ತೋರಿಸಿತು. ವಾಲ್ಯೂಮ್ ಮತ್ತು ಟೋನ್ ಪಾಟ್‌ಗಳು ಪೂರ್ತಿ ತೆರೆದಿದ್ದರೂ ಎರಡೂ ಸೇರಿ ಪಿಕಪ್ ಮೇಲೆ ಹೊರೆಯಾಗುತ್ತವೆ: 500ಕೆಯ ಎರಡು ಪಾಟ್ ಅಂದರೆ 250ಕೆ ಹೊರೆ. ಪಾಟ್‌ನ ಓಮ್ ಕಡಿಮೆಯಾದಷ್ಟೂ ತಾರದ (ಎತ್ತರದ ಸ್ಥಾಯಿಯ) ಹೊಳಪು ಸೋರಿಹೋಗುತ್ತದೆ. ಬ್ರಿಡ್ಜ್‌ನಲ್ಲಿ ಇದು ಒಮ್ಮೊಮ್ಮೆ ಒಳ್ಳೆಯದೇ, ನೆಕ್‌ನಲ್ಲಿ ಅಲ್ಲ. ಆದ್ದರಿಂದ ಕೈಲಿರುವ ಪಾಟ್‌ಗಳಲ್ಲಿ ಜಾಸ್ತಿ ಓಮ್ ಇರುವುದನ್ನು ನೆಕ್‌ಗೆ ಇಡಬೇಕು.

ಕೇಬಲ್‌ನ ಮಾತು ಚಿಕ್ಕದು. ಮಾಮೂಲಿ ಗಿಟಾರ್ ಕೇಬಲ್ ಮೀಟರಿಗೆ 100 ಪಿಕೋಫ್ಯಾರಡ್ ಆಸುಪಾಸು ಇರುತ್ತದೆ, ಕಳಪೆಯದು ಇನ್ನೂ ಜಾಸ್ತಿ. ಹತ್ತು ಮೀಟರ್ ಕೇಬಲ್ ಎಳೆದುಕೊಂಡು ಪಿಕಪ್ ಮಂಕು ಎಂದು ದೂರುವುದು ಬೇಡ. 3 ಮೀಟರಿನದು ಹಾಕಿ ಒಮ್ಮೆ ಕೇಳಿ.

ಓಮ್ ಸಂಖ್ಯೆಯನ್ನು ಎಷ್ಟು ನಂಬಬೇಕು

ಪಿಕಪ್ ಡಬ್ಬಿಯ ಮೇಲೆ ಎಲ್ಲರೂ ಮೊದಲು ಹುಡುಕುವುದು ಡಿಸಿ ರೆಸಿಸ್ಟೆನ್ಸ್. ಅದು ಔಟ್‌ಪುಟ್‌ನ ಅಳತೆ ಅಲ್ಲ, ಒಳಗಿರುವ ತಾಮ್ರದ ತಂತಿಯ ಉದ್ದ ಮತ್ತು ದಪ್ಪದ ಅಳತೆ. 42 ಗೇಜ್ ತಂತಿ ಮೀಟರಿಗೆ ಸುಮಾರು 5.4 ಓಮ್, 43 ಗೇಜ್ ಸುಮಾರು 7 ಓಮ್. ಅಷ್ಟೇ ಸುತ್ತನ್ನು 43ರಲ್ಲಿ ಸುತ್ತಿದರೆ ಮೀಟರ್ ಕಾಲು ಭಾಗಕ್ಕೂ ಮಿಕ್ಕಿ ಜಾಸ್ತಿ ತೋರಿಸುತ್ತದೆ, ದನಿ ಜೋರಾಗುವುದಿಲ್ಲ. ಒಂದೇ ಗೇಜ್, ಒಂದೇ ಆಯಸ್ಕಾಂತ ಎಂದು ಖಚಿತವಿದ್ದಾಗ ಮಾತ್ರ ಓಮ್ ಹೋಲಿಸುವುದರಲ್ಲಿ ಅರ್ಥವಿದೆ.

ಇನ್ನೊಂದು ವಿಷಯ, ನಮ್ಮ ಹವೆಗೆ ಸಂಬಂಧಿಸಿದ್ದು. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ 0.39 ಶೇಕಡಾ ಏರುತ್ತದೆ. 20 ಡಿಗ್ರಿಯಲ್ಲಿ 7.5 ಕಿಲೋಓಮ್ ಇರುವ ಪಿಕಪ್ ಏಪ್ರಿಲ್ ಮಧ್ಯಾಹ್ನದ 32 ಡಿಗ್ರಿಯಲ್ಲಿ 7.85 ತೋರಿಸುತ್ತದೆ. ‘ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ಬಂತು, ನನಗೆ ಹಾಟ್ (ಜೋರಾದ) ಪಿಕಪ್ ಸಿಕ್ಕಿತು’ ಎಂದು ಹಿಗ್ಗಬೇಕಾಗಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಅಳೆದರೂ ಸಂಖ್ಯೆ ಮೆಲ್ಲಗೆ ಏರುವುದು ಕಾಣುತ್ತದೆ.

ದನಿಗೆ ಹತ್ತಿರದ ಸಂಖ್ಯೆ ಇಂಡಕ್ಟೆನ್ಸ್, ಹೆನ್ರಿಯಲ್ಲಿ ಅಳೆಯುವ ಸುರುಳಿಯ ಗುಣ. ಹಳೆಯ ಪಿಎಎಫ್ (ಗಿಬ್ಸನ್‌ನ ಮೊದಲ ಹಂಬಕರ್) ಬಗೆಯ ನೆಕ್ ಹಂಬಕರ್ ಸುಮಾರು 4.4 ಹೆನ್ರಿ, ಜೆಬಿ ಸುಮಾರು 8, ಫೆಂಡರ್ ಸ್ಟ್ರಾಟ್ ಗಿಟಾರಿನ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) 2.3ರ ಹತ್ತಿರ. ಇದರ ಜೊತೆ ಕೇಬಲ್ ಮತ್ತು ಸುರುಳಿಯ ಕೆಪಾಸಿಟೆನ್ಸ್ ಸೇರಿ ದನಿಯಲ್ಲಿ ಒಂದು ಗುಡ್ಡ ಏಳುತ್ತದೆ, ಅದರ ಆಚೆ ಎಲ್ಲವೂ ಇಳಿಜಾರು. ಒಟ್ಟು 600 ಪಿಕೋಫ್ಯಾರಡ್ ಹಿಡಿದರೆ ಆ ಗುಡ್ಡ ಸ್ಟ್ರಾಟ್‌ಗೆ 4300 ಹರ್ಟ್ಸ್, ಪಿಎಎಫ್ ಬಗೆಗೆ 3100, ಜೆಬಿಗೆ 2300 ಹರ್ಟ್ಸ್ ಹತ್ತಿರ ಬರುತ್ತದೆ. ಬ್ರಿಡ್ಜ್‌ನಲ್ಲಿ 2300ರ ಗುಡ್ಡ ತೆಳು ದನಿಗೆ ಮೈ ತುಂಬಿಸುತ್ತದೆ. ಅದೇ ಪಿಕಪ್ಪನ್ನು ನೆಕ್‌ಗೆ ಹಾಕಿದರೆ ಮೊದಲೇ ದಪ್ಪಗಿರುವ ದನಿಯ ಮೇಲೆ ಕಂಬಳಿ ಹೊದಿಸಿದ ಹಾಗೆ. ನೆಕ್‌ಗೆ 5 ಹೆನ್ರಿ ದಾಟದಂತೆ ನೋಡಿಕೊಂಡರೆ ಸಾಕು. ಸಣ್ಣ ಎಲ್‌ಸಿಆರ್ ಮೀಟರ್ ಇದ್ದರೆ ಅಳೆಯಬಹುದು. ಇಲ್ಲದವರು ತಯಾರಕರ ಪಟ್ಟಿ ನೋಡಿ. ಡಿಮಾರ್ಜಿಯೊ ಕಂಪನಿ ಮಿಲಿವೋಲ್ಟ್‌ನಲ್ಲಿ ಔಟ್‌ಪುಟ್ ಕೊಡುತ್ತದೆ. ಅವರದೇ ಪಿಕಪ್‌ಗಳ ನಡುವೆ ಹೋಲಿಸಲು ಅದು ಬಹಳ ಉಪಯೋಗ, ಬೇರೆ ಕಂಪನಿಯವುಗಳ ಜೊತೆ ಇಟ್ಟು ನೋಡಲು ಬರುವುದಿಲ್ಲ.

ಮೂರು ಪಿಕಪ್, ಒಂದೇ ಗೂಡು

ಹೋಲಿಕೆಗೆ ತೆಗೆದುಕೊಂಡದ್ದು ಸೇಮೂರ್ ಡಂಕನ್‌ನ 59, ಜಾಝ್ ಮತ್ತು ಆಲ್ನಿಕೊ ಟು ಪ್ರೊ, ಮೂರೂ ನೆಕ್ ಮಾದರಿ, ಮೂರೂ ನಾಲ್ಕು ವೈರ್‌ನವು. ಇವನ್ನೇ ಆರಿಸಲು ಕಾರಣವಿದೆ: ಮೂರೂ ಏಳೂವರೆ ಕಿಲೋಓಮ್‌ನ ಅಕ್ಕಪಕ್ಕದವು. 59 ಮತ್ತು ಜಾಝ್‌ನಲ್ಲಿ ಆಲ್ನಿಕೊ 5 ಆಯಸ್ಕಾಂತ, ಮೂರನೆಯದರಲ್ಲಿ ಆಲ್ನಿಕೊ 2. ಓಮ್ ನೋಡಿ ಆರಿಸುವವರಿಗೆ ಮೂರೂ ಒಂದೇ ಎನಿಸಬೇಕು. ಇಎಂಜಿ 60ರಂಥ ಆಕ್ಟಿವ್ ಪಿಕಪ್ ಪಟ್ಟಿಯಲ್ಲಿ ಸೇರಿಸಲಿಲ್ಲ. ಅದಕ್ಕೆ 25ಕೆ ಪಾಟ್ ಮತ್ತು 9 ವೋಲ್ಟ್ ಬ್ಯಾಟರಿ ಬೇಕು, ಬ್ರಿಡ್ಜ್‌ನ ಪ್ಯಾಸಿವ್ ಜೆಬಿ ಜೊತೆ ಒಂದೇ ಸರ್ಕೀಟಿನಲ್ಲಿ ಬೆರೆಸುವುದು ಸುಮ್ಮನೆ ತಲೆನೋವು. ಡಿಮಾರ್ಜಿಯೊ ಏರ್ ನಾರ್ಟನ್ ನೆಕ್‌ಗೆ ಚೆನ್ನಾಗಿದ್ದರೂ ಪಟ್ಟಿಯಲ್ಲಿರುವ ಈ ಮೂರಕ್ಕಿಂತ ಜೋರು, ಲೀಡ್ ಮಾತ್ರ ನುಡಿಸುವವರಿಗೆ ಸರಿ.

ಒಂದೊಂದಕ್ಕೂ ಬೆಸುಗೆ ಹಾಕಿ ಬಿಚ್ಚುತ್ತ ಕೂತರೆ ಪಾಟ್ ಸುಟ್ಟುಹೋಗುತ್ತದೆ. ಹಿಂದಿನ ಗೂಡಿನೊಳಗೆ ಸ್ಕ್ರೂ ಇರುವ ಕನೆಕ್ಟರ್ ಸ್ಟ್ರಿಪ್‌ನ ಮೂರು ಮನೆ ಕತ್ತರಿಸಿ ಇಡಿ. ಒಂದು ಮನೆಯಿಂದ ನೆಕ್ ವಾಲ್ಯೂಮ್‌ನ ಒಳಬರುವ ಕಾಲಿಗೆ, ಇನ್ನೊಂದರಿಂದ ಪಾಟ್ ಬೆನ್ನಿಗೆ (ಗ್ರೌಂಡ್) ವೈರ್ ಹಾಕಿ. ಮೂರನೆಯದು ಖಾಲಿ, ಎರಡು ಸುರುಳಿ ಸೇರುವ ಜಾಗ. ಡಂಕನ್ ಬಣ್ಣಗಳು ಹೀಗೆ: ಕಪ್ಪು ಹಾಟ್ (ಸಂಕೇತ ಹೊರಬರುವ ವೈರ್), ಬಿಳಿ ಮತ್ತು ಕೆಂಪು ಒಂದಕ್ಕೊಂದು, ಹಸಿರು ಮತ್ತು ಬರಿ ತಂತಿ ಗ್ರೌಂಡ್‌ಗೆ. ಡಿಮಾರ್ಜಿಯೊ ಆದರೆ ಕೆಂಪು ಹಾಟ್, ಕಪ್ಪು-ಬಿಳಿ ಜೋಡಿ, ಹಸಿರು ಮತ್ತು ಬರಿ ತಂತಿ ಗ್ರೌಂಡ್. ಈ ಎರಡನ್ನು ಅದಲುಬದಲು ಮಾಡಿ ಓದಿದರೆ ಪಿಕಪ್ ತೆಳುವಾಗಿ ಕೇಳಿಸುತ್ತದೆ ಅಥವಾ ದನಿಯೇ ಬರುವುದಿಲ್ಲ. ಸ್ಟ್ರಿಪ್ ಗೂಡಿನಲ್ಲಿರುವವರೆಗೆ ಸ್ವಲ್ಪ ಗುಂಯ್ ಶಬ್ದ ಇರುತ್ತದೆ, ಅದಕ್ಕೆ ಗಾಬರಿ ಬೇಡ.

ತಂತಿಗಳನ್ನು ಬಿಚ್ಚದೆ ಪಿಕಪ್ ಬದಲಿಸಲು ಲೆಸ್ ಪಾಲ್‌ನಲ್ಲಿ ಒಂದು ಉಪಾಯವಿದೆ. ಮೂರನೇ ಫ್ರೆಟ್ ಸುಮಾರಿಗೆ ಕ್ಯಾಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ ಬಿಗಿಮಾಡಿ, ಕೀಲಿಗಳನ್ನು ಸಡಿಲಿಸಿ, ಟೇಲ್‌ಪೀಸನ್ನು (ತಂತಿಯ ತುದಿ ಸಿಗಿಸಿರುವ ಪಟ್ಟಿ) ತಂತಿ ಸಮೇತ ಅದರ ಬೋಲ್ಟ್‌ಗಳಿಂದ ಜಾರಿಸಿ ಪಕ್ಕಕ್ಕಿಡಿ. ಬ್ರಿಡ್ಜ್ ಕಳಚಿ ಬೀಳದಂತೆ ಟೇಪ್ ಹಚ್ಚಿ, ಟೇಲ್‌ಪೀಸ್ ಮರಕ್ಕೆ ಗೀರದಂತೆ ಕೆಳಗೆ ಬಟ್ಟೆ ಹಾಸಿ. ಒಂದೇ ತಂತಿ ಸೆಟ್‌ನಲ್ಲಿ ಮೂರೂ ಪರೀಕ್ಷೆ ಮುಗಿಯಬೇಕು. ಹಳೆ ತಂತಿಗೂ ಹೊಸ ತಂತಿಗೂ ಇರುವ ವ್ಯತ್ಯಾಸ ಎರಡು ಪಿಕಪ್‌ಗಳ ನಡುವಿನದಕ್ಕಿಂತ ದೊಡ್ಡದು.

ಧ್ವನಿಮುದ್ರಣ: ಆಡಿಯೊ ಇಂಟರ್‌ಫೇಸ್‌ನ ವಾದ್ಯದ ಇನ್‌ಪುಟ್‌ಗೆ (1 ಮೆಗಾಓಮ್) 6 ಮೀಟರ್ ಕೇಬಲ್, ಗೇನ್ ಗುಂಡಿ ಒಮ್ಮೆ ಇಟ್ಟಲ್ಲಿಂದ ಕದಲಿಸುವಂತಿಲ್ಲ. ಎಲ್ಲಕ್ಕೂ 2.4 ಮಿ.ಮೀ. ಎತ್ತರ. ನುಡಿಸಿದ್ದು ದಪ್ಪ ಇ ತಂತಿಯ ಬಿಡಿ ಸ್ವರ, ಐದನೇ ಫ್ರೆಟ್‌ನ ಬಾರ್ ಕಾರ್ಡ್, ಬಿ ತಂತಿಯ 12ರಿಂದ 15ನೇ ಫ್ರೆಟ್‌ನ ಒಂದು ಎಳೆ, ಮತ್ತೆ ಅದನ್ನೇ ವಾಲ್ಯೂಮ್ 7ಕ್ಕೆ ಇಳಿಸಿ. ಕೇಳುವ ಮುಂಚೆ ಮುದ್ರಣಗಳ ಮಟ್ಟವನ್ನು 1 ಡೆಸಿಬಲ್ ಒಳಗೆ ಸಮ ಮಾಡಿಕೊಳ್ಳಬೇಕು. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ, ಎಷ್ಟು ಅನುಭವ ಇದ್ದರೂ ಅಷ್ಟೇ.

ಹಳೆಯ ಸೆರಾಮಿಕ್ 9.1 ಕಿಲೋಓಮ್, ಮುದ್ರಣದಲ್ಲಿ ಹೊಸ ಮೂರಕ್ಕಿಂತ ಸುಮಾರು 3 ಡೆಸಿಬಲ್ ಜೋರು. ಮಟ್ಟ ಸಮ ಮಾಡಿದ ಮೇಲೆ ಅದರಲ್ಲಿ ಹೆಚ್ಚಾಗಿ ಉಳಿದದ್ದು 200 ಹರ್ಟ್ಸ್ ಆಸುಪಾಸಿನ ಗುಡುಗು ಮಾತ್ರ.

59: ಬೇಸ್ ಅಗಲ, ತಾರ ಹೊಳಪು, ನಡು ಸ್ವಲ್ಪ ತಗ್ಗು. ಗೇನ್ ಇಲ್ಲದೆ ನುಡಿಸಿದರೆ ಮೂರರಲ್ಲಿ ಇದೇ ಚೆಂದ. ಬಾರ್ ಕಾರ್ಡ್ ತುಂಬಿಕೊಂಡು ಬರುತ್ತದೆ, ಒಬ್ಬರೇ ಕೂತು ನುಡಿಸುವವರಿಗೆ ಬೇರೆ ವಾದ್ಯದ ಕೊರತೆ ಕಾಣದು. ಗೇನ್ ಏರಿದಾಗ ಈ ಗಿಟಾರಿನಲ್ಲಿ ದಪ್ಪ ಇ ಮತ್ತೆ ಉಬ್ಬಿಕೊಂಡಿತು. ದೇಹ ಮಹಾಗನಿ, ಸ್ಕೇಲ್ ಗಿಡ್ಡ. ಬೇಸ್ ಮೊದಲೇ ಧಾರಾಳ. ಉದ್ದ ಸ್ಕೇಲಿನ, ಬೋಲ್ಟ್ ನೆಕ್‌ನ ಗಿಟಾರಿಗೆ 59 ಬಹಳ ಸಲೀಸಾಗಿ ಒಗ್ಗುತ್ತದೆ.

ಜಾಝ್: ಹೆಸರು ಕೇಳಿ ಇದು ಜಾಝ್‌ನವರ ಮೃದು ದನಿ ಎಂದು ತಿಳಿಯುವವರೇ ಜಾಸ್ತಿ. ನಿಜವಾಗಿ ಇದು ಬಿಗಿ, ಸ್ಪಷ್ಟ, ಬೇಸ್ ಕಡಿಮೆ ಇರುವ ಪಿಕಪ್. ಬಾರ್ ಕಾರ್ಡ್‌ನ ಆರೂ ಸ್ವರ ಗೇನ್ ಏರಿಸಿದರೂ ಬೇರೆ ಬೇರೆಯಾಗಿ ಕೇಳಿದವು. ಮೀಟಿದ ಪೆಟ್ಟು ಎದ್ದು ಬರುತ್ತದೆ, ಹಾಗಾಗಿ ಕೈ ಒರಟಾಗಿದ್ದರೆ ಅದೂ ಕೇಳಿಸುತ್ತದೆ. ಜೆಬಿ ಜೊತೆ ಇದರ ಜೋಡಿ ದಶಕಗಳಿಂದ ನಡೆದು ಬಂದದ್ದು. ಜೆಬಿಯ ನಡು ಮುಂದೆ, ಜಾಝ್‌ನ ನಡು ಹಿಂದೆ, ಸ್ವಿಚ್ ಮಧ್ಯಕ್ಕೆ ತಂದರೆ ಎರಡೂ ಕಿತ್ತಾಡುವುದಿಲ್ಲ.

ಆಲ್ನಿಕೊ ಟು ಪ್ರೊ: ಮೀಟಿದ ಪೆಟ್ಟು ಮೆತ್ತಗೆ, ನಡು ಬೆಚ್ಚಗೆ, ತಾರ ನಯ. ಒಂದೇ ತಂತಿಯ ಮೇಲೆ ಹಾಡುವ ದನಿ ಬೇಕೆಂದರೆ ಮೂರರಲ್ಲಿ ಇದು ಮೇಲು. ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುವವರಿಗೆ, ಅಂದರೆ ಜಾರು ತೆಗೆದುಕೊಂಡು ಸ್ವರದಿಂದ ಸ್ವರಕ್ಕೆ ನಾದ ಕಡಿಯದೆ ಹೋಗಬೇಕಾದವರಿಗೆ, ಈ ಮೂರರಲ್ಲಿ ನಮ್ಮ ಆಯ್ಕೆ ಇದೇ. ಈ ಗಿಟಾರಿನ ದೂರಿಗೆ ಮಾತ್ರ ಇದು ಮದ್ದಲ್ಲ. ದಪ್ಪ ತಂತಿಗಳು ಇದರಲ್ಲಿ ಇನ್ನೂ ಸಡಿಲಾಗಿ ಕೇಳಿದವು.

ಜಾಝ್ ಗೆದ್ದಿತು.

ಕೂರಿಸುವ ಕೆಲಸ

ಎಲ್ಲಕ್ಕಿಂತ ಮೊದಲು ಗೂಡಿನ ಆಳ ಮತ್ತು ಪಿಕಪ್ ಕಾಲಿನ ಉದ್ದ. ಲೆಸ್ ಪಾಲ್ ಬಗೆಯಲ್ಲಿ ನೆಕ್ ಕಡೆಯ ಗೂಡು ಆಳ ಕಡಿಮೆ ಇರಬಹುದು. ಉದ್ದ ಕಾಲಿನ ಪಿಕಪ್ ತಳಕ್ಕೆ ತಗುಲಿದರೆ ಬೇಕಾದಷ್ಟು ಇಳಿಯುವುದೇ ಇಲ್ಲ, ನೆಕ್‌ಗೆ ಅದೇ ದೊಡ್ಡ ಸಮಸ್ಯೆ. ಪೋಲ್‌ಗಳ ಅಂತರವನ್ನೂ ನೋಡಿ. ನೆಕ್ ಕಡೆ ತಂತಿಗಳು ಹತ್ತಿರ ಹತ್ತಿರ ಇರುವುದರಿಂದ ಮಾಮೂಲಿ ಅಂತರದ್ದೇ ಸರಿ. ಡಿಮಾರ್ಜಿಯೊ ಲೆಕ್ಕದಲ್ಲಿ ಅದು 48.8 ಮಿ.ಮೀ., ಅಗಲದ್ದು 51.

ಎತ್ತರದ ಸ್ಕ್ರೂ ವಿಷಯದಲ್ಲಿ ಅವಸರ ಮಾಡಿದರೆ ಕೆಟ್ಟಿರಿ. ಏಷ್ಯಾದಲ್ಲಿ ತಯಾರಾದ ಗಿಟಾರುಗಳ ಸ್ಕ್ರೂ ಸಾಮಾನ್ಯವಾಗಿ ಮೆಟ್ರಿಕ್ ಥ್ರೆಡ್‌ನದು, ಅಮೆರಿಕದ ಪಿಕಪ್‌ನ ಕಾಲಿಗೆ ಕೊರೆದದ್ದು ಇಂಚಿನ 3–48 ಥ್ರೆಡ್. ಹಳೆಯದು ಎರಡು ಸುತ್ತು ಒಳಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಅಲ್ಲಿ ಬಲ ಹಾಕಿದರೆ ಕಾಲಿನ ಥ್ರೆಡ್ ಹಾಳು. ಪಿಕಪ್ ಜೊತೆ ಡಬ್ಬಿಯಲ್ಲಿ ಬಂದ ಸ್ಕ್ರೂಗಳನ್ನೇ ಬಳಸಿ. ಸ್ಪ್ರಿಂಗ್ ಹಳೆಯದಾದರೂ ನಡೆಯುತ್ತದೆ.

ಮೇಲೆ ಲೋಹದ ಮುಚ್ಚಳ ಬೇಕೆಂದರೆ ನಿಕಲ್ ಸಿಲ್ವರ್‌ನದೇ ಇರಲಿ. ಅಗ್ಗದ ಮುಚ್ಚಳ ಹಿತ್ತಾಳೆಯದು. ಅದರಲ್ಲಿ ಎಡ್ಡಿ ಕರೆಂಟ್ (ಲೋಹದೊಳಗೇ ಸುತ್ತುವ ವಿದ್ಯುತ್) ಹುಟ್ಟಿ ತಾರದ ಹೊಳಪನ್ನು ತಿನ್ನುತ್ತದೆ. ಎಷ್ಟೋ ಸಲ ‘ಸ್ಟಾಕ್ ಪಿಕಪ್ ಮಂಕು’ ಎನ್ನುವ ದೂರಿನ ಹಿಂದೆ ಇರುವುದು ಈ ಮುಚ್ಚಳವೇ. ಇಲ್ಲಿ ಮುಚ್ಚಳವಿಲ್ಲದ ಕಪ್ಪು ಪಿಕಪ್ ಹಾಕಿದೆ.

ಬೇಕಾದ ಸಾಮಾನು: 35–40 ವಾಟ್ ಸೋಲ್ಡರಿಂಗ್ ಐರನ್, ಉಳಿ ಆಕಾರದ ತುದಿ, 60/40 ರೋಸಿನ್ ಸೋಲ್ಡರ್, 0.8 ಮಿ.ಮೀ.; ಹೀಟ್ ಶ್ರಿಂಕ್ ಸ್ಲೀವ್; 500ಕೆ ಲಾಗ್ ಪಾಟ್ ಒಂದು; 0.015 ಮೈಕ್ರೊಫ್ಯಾರಡ್ ಪಾಲಿಯೆಸ್ಟರ್ ಕೆಪಾಸಿಟರ್, ಮೇಲೆ 153 ಎಂದು ಬರೆದಿರುತ್ತದೆ. ಬೆಂಗಳೂರಿನವರಿಗೆ ಇದರಲ್ಲಿ ಪಾಟ್ ಬಿಟ್ಟು ಉಳಿದೆಲ್ಲ ಎಸ್.ಪಿ. ರೋಡಿನಲ್ಲಿ ಸಲೀಸಾಗಿ ಸಿಗುತ್ತದೆ. ಪಾಟ್ ಕೂಡ ಸಿಗುತ್ತದೆ, ಆದರೆ ಹೆಚ್ಚಿನವು ಬಿ ಗುರುತಿನ ಲೀನಿಯರ್, ಕಂಠ ಗಿಡ್ಡ. ಬೇಕಾದದ್ದು ಎ ಗುರುತಿನ ಲಾಗ್. ಗಿಟಾರಿನ ಸಿಟಿಎಸ್ ಪಾಟ್ ತಂದರೆ ಅದರ ಕಂಠ 9.5 ಮಿ.ಮೀ., ಏಷ್ಯಾದ ಗಿಟಾರಿನ ರಂಧ್ರ ಅದಕ್ಕಿಂತ ಸಣ್ಣದು. ರೀಮರ್‌ನಿಂದ ಕೈಯಲ್ಲೇ ಹಿಗ್ಗಿಸಿ. ಡ್ರಿಲ್ ಇಟ್ಟರೆ ಮೇಲಿನ ಪಾಲಿಶ್ ಚಕ್ಕೆ ಏಳುತ್ತದೆ. ಗುಂಡಿಯ ಹಲ್ಲುಗಳೂ ಬೇರೆ, ಸಿಟಿಎಸ್‌ನದು 24 ಹಲ್ಲು, ಮೆಟ್ರಿಕ್‌ನದು 18. ಇಷ್ಟೆಲ್ಲ ಬೇಡವೆಂದರೆ ಅದೇ ಅಳತೆಯ ಮೆಟ್ರಿಕ್ ಪಾಟ್‌ಗಳನ್ನು ನಾಲ್ಕಾರು ಅಳೆದು ಒಳ್ಳೆಯದನ್ನು ಆರಿಸಿ. ಇಲ್ಲಿ ಹಾಕಿದ್ದು 530ಕೆ ತೋರಿಸಿತು.

ಬಿಳಿ-ಕೆಂಪು ಜೋಡಿಯನ್ನು ತಿರುಚಿ ಬೆಸೆದು ಸ್ಲೀವ್ ಏರಿಸುವುದು ಮೊದಲ ಬೆಸುಗೆ. ಬರೀ ತಿರುಚಿ ಟೇಪ್ ಸುತ್ತಿ ಬಿಟ್ಟರೆ ಮೂರು ತಿಂಗಳಲ್ಲೋ ಮಳೆಗಾಲದಲ್ಲೋ ಪಿಕಪ್ ಆಗಾಗ ಸಾಯುತ್ತದೆ, ಹುಡುಕುವುದು ಕಷ್ಟ. ವೈರ್‌ನ ಹೊದಿಕೆ ತೆಳು, ಐರನ್ ಎರಡು ಸೆಕೆಂಡು ಹೆಚ್ಚು ನಿಂತರೆ ಕರಗಿ ಹಿಂದೆ ಸರಿಯುತ್ತದೆ. ಪಾಟ್ ಬೆನ್ನಿಗೆ ಗ್ರೌಂಡ್ ಬೆಸೆಯುವಾಗ ಉಲ್ಟಾ ಲೆಕ್ಕ, ಬಿಸಿ ಸಾಲದಿದ್ದರೆ ಸೋಲ್ಡರ್ ಮಣಿಯಂತೆ ನಿಂತು ಹಿಡಿಯುವುದಿಲ್ಲ. ಬೆನ್ನನ್ನು ಮರಳುಕಾಗದದಿಂದ ಉಜ್ಜಿ, ಮೊದಲು ಅಲ್ಲಿಗೆ ಸ್ವಲ್ಪ ಸೋಲ್ಡರ್ ಹಚ್ಚಿ, ಆಮೇಲೆ ಹಸಿರು ಮತ್ತು ಬರಿ ತಂತಿ ಇಟ್ಟು ಮೂರ್ನಾಲ್ಕು ಸೆಕೆಂಡಿನಲ್ಲಿ ಮುಗಿಸಿ. 25 ವಾಟ್ ಐರನ್ ಇಟ್ಟು ಅರ್ಧ ನಿಮಿಷ ಒತ್ತಿ ಹಿಡಿದರೆ ಪಾಟ್‌ನ ಒಳಗಿನ ಪಟ್ಟಿ ಸುಡುತ್ತದೆ. ಬರಿ ತಂತಿ ಎಲ್ಲೂ ಹಾಟ್‌ಗೆ ತಗುಲದಂತೆ ಅದಕ್ಕೂ ಸ್ಲೀವ್.

ಟೋನ್‌ನ ಕೆಪಾಸಿಟರನ್ನು ವಾಲ್ಯೂಮ್ ಪಾಟ್‌ನ ನಡುಗಾಲಿಗೆ ಜೋಡಿಸಿದೆ. ಐವತ್ತರ ದಶಕದ ಗಿಬ್ಸನ್ ವೈರಿಂಗ್ ಇದು. ವಾಲ್ಯೂಮ್ ಇಳಿಸಿದಾಗ ತಾರ ಅಷ್ಟು ಬೇಗ ಕುಂದುವುದಿಲ್ಲ. ನೆಕ್‌ಗೆ ಅದು ಬೇಕೇ ಬೇಕು. ಬದಲಿಗೆ ಟೋನ್ ತಿರುಗಿಸಿದರೆ ಮಟ್ಟವೂ ಕೊಂಚ ಅಲುಗುತ್ತದೆ. ಮೊದಲಿದ್ದ 473 ತೆಗೆದು 153 ಹಾಕಿದ್ದರಿಂದ ಟೋನ್ ಗುಂಡಿ ಪೂರ್ತಿ ಇಳಿಸಿದರೂ ದನಿ ಹೂತುಹೋಗುವುದಿಲ್ಲ. ಟೋನ್ 10ರಲ್ಲಿರುವಾಗ ಯಾವ ಕೆಪಾಸಿಟರ್ ಇದ್ದರೂ ವ್ಯತ್ಯಾಸ ಕೇಳದು. ಕಾಗದ-ಎಣ್ಣೆಯ ದುಬಾರಿ ಕೆಪಾಸಿಟರ್‌ಗೆ ದುಡ್ಡು ಸುರಿಯುವುದು ನಿಮ್ಮಿಷ್ಟ, ಮೌಲ್ಯ ಒಂದೇ ಇದ್ದರೆ ಕೆಲಸ ಅದೇ.

ಹೊಸ ಪಿಕಪ್‌ಗೆ ದುಡ್ಡಿಲ್ಲದವರಿಗೆ ಒಂದು ಮಾತು. ಹಳೆ ಪಿಕಪ್‌ನ ಹಾಟ್ ವೈರ್ ಮತ್ತು ವಾಲ್ಯೂಮ್ ಪಾಟ್‌ನ ನಡುವೆ ಸಾಲಾಗಿ 4.7 ನ್ಯಾನೊಫ್ಯಾರಡ್ (472) ಕೆಪಾಸಿಟರ್ ಹಾಕಿ. 250ಕೆ ಹೊರೆಗೆ ಅದು 135 ಹರ್ಟ್ಸ್‌ನಿಂದ ಕೆಳಗೆ ಬೇಸ್ ಕತ್ತರಿಸುತ್ತದೆ, ಆಂಪ್‌ನ 1 ಮೆಗಾಓಮ್ ಸೇರಿದರೆ 170. ಕೆಲವೇ ರೂಪಾಯಿಯ ಬಿಡಿಭಾಗ. 2.2 ನ್ಯಾನೊ ಹಾಕಿದರೆ ದನಿ ತೀರಾ ಬಡಕಲಾಗುತ್ತದೆ.

ಆಮೇಲೆ ಬರುವ ತೊಂದರೆಗಳು

ಒಂದೊಂದೇ ಪಿಕಪ್ ಸರಿಯಿದ್ದು ಸ್ವಿಚ್ ಮಧ್ಯದಲ್ಲಿ ದನಿ ಟೊಳ್ಳಾದರೆ ಫೇಸ್ ತಿರುಗಿದೆ, ಅಂದರೆ ಒಂದರ ಸಂಕೇತ ಇನ್ನೊಂದಕ್ಕೆ ಉಲ್ಟಾ ಇದೆ. ಎರಡು ಕಂಪನಿಯ ಪಿಕಪ್ ಬೆರೆಸಿದಾಗ ಇದು ಮಾಮೂಲಿ. ಬೆಸೆಯುವ ಮುಂಚೆಯೇ ನೋಡಬಹುದು: ಮುಳ್ಳಿರುವ ಮೀಟರನ್ನು ಪಿಕಪ್‌ಗೆ ಹಚ್ಚಿ, ಸ್ಕ್ರೂ ಡ್ರೈವರನ್ನು ಪೋಲ್‌ಗಳ ಮೇಲಿಟ್ಟು ಸರಕ್ಕನೆ ಎತ್ತಿ. ಮುಳ್ಳು ಎರಡೂ ಪಿಕಪ್‌ಗೆ ಒಂದೇ ಕಡೆ ಜಿಗಿಯಬೇಕು. ನಾಲ್ಕು ವೈರ್‌ನದಾದರೆ ಕಪ್ಪು-ಹಸಿರು ಅದಲುಬದಲು ಮಾಡಿ, ಬರಿ ತಂತಿ ಮಾತ್ರ ಗ್ರೌಂಡ್‌ನಲ್ಲೇ ಉಳಿಯಲಿ. ಜಾಲರಿ ಹೊದಿಕೆಯ ಒಂದೇ ವೈರ್ ಇರುವ ಪಿಕಪ್‌ಗೆ ಹಾಗೆ ಮಾಡಿದರೆ ಮುಚ್ಚಳವೇ ಹಾಟ್ ಆಗಿ ಮುಟ್ಟಿದಾಗಲೆಲ್ಲ ಗುಂಯ್‌ಗುಡುತ್ತದೆ. ಅದರಲ್ಲಿ ಆಯಸ್ಕಾಂತ ತಿರುಗಿಸಬೇಕು. ತಳದ ನಾಲ್ಕು ಸ್ಕ್ರೂ ಸಡಿಲಿಸಿ ಪಟ್ಟಿಯನ್ನು ಪಕ್ಕಕ್ಕೆ ಜಾರಿಸಿ ತೆಗೆಯಿರಿ. ಪಟ್ಟಿಯ ಧ್ರುವಗಳಿರುವುದು ಅದರ ಎರಡು ಉದ್ದ ಅಂಚುಗಳಲ್ಲಿ. ಆದ್ದರಿಂದ ಉದ್ದುದ್ದಕ್ಕೆ ಹೊರಳಿಸಿ, ಎಡ ಅಂಚು ಬಲಕ್ಕೆ ಬರುವಂತೆ. ತುದಿಯನ್ನು ಎತ್ತಿ ಮೇಲೆ-ಕೆಳಗೆ ಮಗುಚಿದರೆ ಅಂಚುಗಳು ಇದ್ದಲ್ಲೇ ಇರುತ್ತವೆ, ಏನೂ ಬದಲಾಗದು.

ತಂತಿ ಮುಟ್ಟಿದರೆ ಗುಂಯ್ ಕಡಿಮೆಯಾಗುವುದು ಸಹಜ. ಮುಟ್ಟಿದಾಗ ಜಾಸ್ತಿಯಾದರೆ ಹಾಟ್-ಗ್ರೌಂಡ್ ಎಲ್ಲೋ ತಿರುಗಿದೆ, ಮೊದಲು ಜ್ಯಾಕ್ ನೋಡಿ. ಹಳೇ ಮನೆಗಳಲ್ಲಿ ಅರ್ಥ್ ಇಲ್ಲದ ಪ್ಲಗ್ ಪಾಯಿಂಟ್ ಇನ್ನೂ ಇವೆ. ಅಲ್ಲಿ ಎಂಥ ಪಿಕಪ್ ಹಾಕಿದರೂ ಶಬ್ದ ಹೋಗದು, ಮೇಲಾಗಿ ತಂತಿ ಆಂಪ್‌ನ ಗ್ರೌಂಡ್‌ಗೆ ಸೇರಿರುವುದರಿಂದ ಅದು ಜೀವಕ್ಕೆ ಅಪಾಯ. ಆಂಪ್‌ನ ಮೂರನೇ ಪಿನ್ ಕತ್ತರಿಸುವ ಯೋಚನೆ ಕನಸಲ್ಲೂ ಬೇಡ.

ಗೇನ್ ಏರಿಸಿದಾಗ ಪಿಕಪ್ ಕಿರುಚಿದರೆ ಒಳಗಿನ ಸುತ್ತು ಅದುರುತ್ತಿದೆ. ಹೊಸ 59 ಅಥವಾ ಜಾಝ್‌ಗೆ ಮೇಣ ಹಿಡಿಸಿಯೇ ಬರುತ್ತದೆ, ಅಗ್ಗದ್ದಕ್ಕೆ ಬರುವುದಿಲ್ಲ. ಎಂಬತ್ತು ಭಾಗ ಪ್ಯಾರಾಫಿನ್, ಇಪ್ಪತ್ತು ಭಾಗ ಜೇನುಮೇಣ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು 60–65 ಡಿಗ್ರಿಗೆ ಕಾಯಿಸಿ, ಗುಳ್ಳೆ ನಿಲ್ಲುವವರೆಗೆ ಪಿಕಪ್ ಮುಳುಗಿಸಿ. 70 ದಾಟಿದರೆ ಬಾಬಿನ್ (ಸುರುಳಿ ಸುತ್ತಿರುವ ಚೌಕಟ್ಟು) ಸೊಟ್ಟಗಾಗುತ್ತದೆ. ಮೇಣವನ್ನು ನೇರವಾಗಿ ಉರಿಯ ಮೇಲೆ ಇಡಬೇಡಿ, ಹೊತ್ತಿಕೊಳ್ಳುತ್ತದೆ.

ಪುಶ್-ಪುಲ್ ಪಾಟ್ ಹಾಕಿ ಒಂದೇ ಸುರುಳಿ ಬಳಸುವ ಆಸೆ ಎಲ್ಲರಿಗೂ ಇರುತ್ತದೆ. 50 ಹರ್ಟ್ಸ್ ಗುಂಯ್ ವಾಪಸ್ ಬರುತ್ತದೆ ಎಂಬುದು ನೆನಪಿರಲಿ. ಬಿಳಿ-ಕೆಂಪು ಜೋಡಿಯನ್ನು ಗ್ರೌಂಡ್ ಮಾಡಿದರೆ ಡಂಕನ್‌ನಲ್ಲಿ ಉಳಿಯುವುದು ಸ್ಕ್ರೂ ಇಲ್ಲದ ಸುರುಳಿ. ನೆಕ್‌ನಲ್ಲಿ ಅದು ಬ್ರಿಡ್ಜ್ ಕಡೆಗಿರುವುದರಿಂದ ಸ್ವಲ್ಪ ಹೊಳಪು ಜಾಸ್ತಿ. ಇದಕ್ಕಿಂತ ಎರಡೂ ಸುರುಳಿಯನ್ನು ಪ್ಯಾರಲಲ್ ಜೋಡಿಸುವುದು ನಮಗೆ ಇಷ್ಟ. 7.7 ಕಿಲೋಓಮ್ 1.9ಕ್ಕೆ ಇಳಿಯುತ್ತದೆ, ದನಿ ತೆಳುವಾಗಿ ಮಿನುಗುತ್ತದೆ, ಗುಂಯ್ ಮಾತ್ರ ಬರುವುದಿಲ್ಲ.

ಕೊನೆಯ ಅಳತೆ

ಮೊದಲು ಬ್ರಿಡ್ಜ್ ಪಿಕಪ್ಪನ್ನು 1.6ಕ್ಕೆ ನಿಲ್ಲಿಸಿ, ಸ್ವಿಚ್ ಅತ್ತಿತ್ತ ತಳ್ಳುತ್ತ ನೆಕ್ಕನ್ನು ಮಟ್ಟ ಸಮವಾಗುವವರೆಗೆ ಇಳಿಸಿದೆ. ನಿಂತದ್ದು ದಪ್ಪ ಇ ಕಡೆ 3.0, ತೆಳು ಇ ಕಡೆ 2.2 ಮಿ.ಮೀ. ದಪ್ಪ ಇ ಮತ್ತು ಎ ಕೆಳಗಿನ ಪೋಲ್ ಸ್ಕ್ರೂ ಅರ್ಧ ಸುತ್ತು ಒಳಕ್ಕೆ, ಬಿ ಕೆಳಗಿನದು ಕಾಲು ಸುತ್ತು ಹೊರಕ್ಕೆ. ಪಿಕಪ್ ಇಳಿಸಿ ಪೋಲ್ ಏರಿಸಿದರೆ ಬೇಸ್ ತಗ್ಗಿ ಸ್ವರದ ಅಂಚು ಚೂಪಾಗುತ್ತದೆ, ಬೇಕಾದರೆ ಆರನ್ನೂ ಇನ್ನೊಂದು ಸುತ್ತು ಏರಿಸಲು ಜಾಗ ಬಿಟ್ಟಿದೆ. 11ರ ಸೆಟ್ ಹಾಕಿದ ದಿನ ಈ ಅಳತೆ ಮತ್ತೆ ನೋಡಬೇಕು.

ಜ್ಯಾಕ್‌ನಿಂದ ಅಳೆದಾಗ ನೆಕ್ 7.8, ಬ್ರಿಡ್ಜ್ 16.3 ಕಿಲೋಓಮ್, ವಾಲ್ಯೂಮ್‌ಗಳು 10ರಲ್ಲಿ. ಈ ಎರಡು ಸಂಖ್ಯೆಯನ್ನೂ ಅಂದಿನ 27 ಡಿಗ್ರಿ ತಾಪವನ್ನೂ ಚೀಟಿಯಲ್ಲಿ ಬರೆದು ಹಿಂದಿನ ಗೂಡಿನ ಮುಚ್ಚಳದ ಒಳಗೆ ಅಂಟಿಸಿದೆ. ಮುಂದೆ ಯಾವುದಾದರೂ ಬೆಸುಗೆ ಬಿಟ್ಟರೆ ಗಿಟಾರು ಬಿಚ್ಚದೆ ಜ್ಯಾಕ್‌ನಿಂದಲೇ ತಿಳಿಯುತ್ತದೆ. ಹಳೆಯ ಪಿಕಪ್‌ನ ವೈರ್‌ಗಳಿಗೆ ಗುರುತಿನ ಟೇಪ್ ಸುತ್ತಿ, ಅದರ ಮೆಟ್ರಿಕ್ ಸ್ಕ್ರೂಗಳ ಸಮೇತ ಡಬ್ಬಿಗೆ ಹಾಕಿ ಗಿಟಾರಿನ ಜೊತೆಗೇ ಕಳಿಸಿದೆ.